ಕಿವಿಗೆ ತಲುಪದ ನಕಲು

1940ರ ದಶಕದ ಕೊನೆಯಲ್ಲಿ ಎಲ್. ಎನ್. ಗೌಲ್ಡ್ ಎಂಬ ಅಮೆರಿಕದ ಮನೋವೈದ್ಯರು ತಮ್ಮ ರೋಗಿಯೊಬ್ಬರ ಮುಂದೆ ಮೈಕ್ರೊಫೋನ್ ಇಟ್ಟರು. ಆ ಮಹಿಳೆಗೆ ಸ್ಕಿಜೋಫ್ರೀನಿಯಾ. ಯಾರೋ ಮಾತಾಡುತ್ತಾರೆ, ಅದು ತನ್ನ ಕಿವಿಗೆ ಬೀಳುತ್ತದೆ ಎನ್ನುತ್ತಿದ್ದರು. ಕೋಣೆಯಲ್ಲಿ ಮಾತಾಡುವವರು ಯಾರೂ ಇರಲಿಲ್ಲ. ಆದರೆ ಆಕೆಯ ಬಾಯಿಂದ ತೀರಾ ಕ್ಷೀಣವಾದ ಸದ್ದೊಂದು ಹೊರಡುತ್ತಿತ್ತು. ಬರಿಗಿವಿಗೆ ಅದು ಮಾತೆಂದು ತಿಳಿಯುವಂತಿರಲಿಲ್ಲ. ಗೌಲ್ಡ್ ಅದನ್ನು ಆಂಪ್ಲಿಫೈಯರ್‌ನಲ್ಲಿ ಹಿಗ್ಗಿಸಿ ಆಲಿಸಿದರು. ಪಿಸುಮಾತು. ಆಕೆಯದೇ. ಆ ಪಿಸುಮಾತಿನಲ್ಲಿದ್ದ ವಿಷಯವೂ, ದನಿಗಳು ಹೀಗೆ ಹೇಳಿದವು ಎಂದು ಆಕೆ ವರದಿ ಮಾಡುತ್ತಿದ್ದ ವಿಷಯವೂ ಒಂದಕ್ಕೊಂದು ತಾಳೆಯಾದವು. 1949ರಲ್ಲಿ ಗೌಲ್ಡ್ ಇದನ್ನು ಪ್ರಕಟಿಸಿದರು.

ಇದನ್ನು ಓದಿದವರಿಗೆ ಮೊದಲು ಹೊಳೆಯುವುದು, ಅಯ್ಯೋ ಇಷ್ಟೇನಾ ಎಂದು. ತಾನೇ ಗುಟ್ಟಾಗಿ ಮಾತಾಡಿಕೊಂಡು ಅದನ್ನು ಬೇರೆಯವರ ತಲೆಗೆ ಕಟ್ಟುತ್ತಿದ್ದಾರೆ, ಅಷ್ಟೆ. ಆದರೆ ಗುಟ್ಟಾಗಿ ಮಾತಾಡಿಕೊಳ್ಳದವರು ಯಾರಿದ್ದಾರೆ? ಹಾಲು ತರಬೇಕು, ಅವನಿಗೆ ಹಾಗೆ ಹೇಳಬಾರದಿತ್ತು, ನಾಳೆ ಬಸ್ಸು ಎಷ್ಟಕ್ಕೆ ಎಂದು ತಲೆಯೊಳಗೆ ದಿನವಿಡೀ ಮಾತು ನಡೆದೇ ಇರುತ್ತದೆ. ಅದು ನಮ್ಮದೆಂದು ನಮಗೆ ಯಾರೂ ಹೇಳಿಕೊಡುವುದಿಲ್ಲ. ಗೌಲ್ಡ್ ಅವರ ಮೈಕ್ರೊಫೋನು ನಿಜಕ್ಕೂ ಎತ್ತಿದ ಪ್ರಶ್ನೆ ಆ ಮಹಿಳೆ ಏಕೆ ಪಿಸುಗುಟ್ಟುತ್ತಾರೆ ಎಂಬುದಲ್ಲ. ನಮ್ಮ ಒಳಮಾತು ನಮ್ಮದೇ ಎಂದು ನಮಗೆ ಗೊತ್ತಾಗುವುದಾದರೂ ಹೇಗೆ ಎಂಬುದು.

ಆ ಪ್ರಶ್ನೆ ಮನೋವೈದ್ಯರ ಕೈಯಲ್ಲಿ ಹಲವು ವರ್ಷ ಸುಮ್ಮನೆ ಕೂತಿತ್ತು. ಉತ್ತರದ ಮೊದಲ ತುಣುಕು ಸಿಕ್ಕಿದ್ದು ಮನೋವೈದ್ಯರಿಗಲ್ಲ, ನೊಣ ಹಿಡಿದು ಕೂತಿದ್ದ ಇಬ್ಬರು ಜರ್ಮನರಿಗೆ.

ಎರಿಕ್ ಫಾನ್ ಹೋಲ್ಸ್ಟ್ ಮತ್ತು ಹೋರ್ಸ್ಟ್ ಮಿಟ್ಟೆಲ್‌ಸ್ಟೇಟ್ ಕೈಗೆತ್ತಿಕೊಂಡದ್ದು ಎರಿಸ್ಟಾಲಿಸ್ ಎಂಬ, ನೋಡಲು ಜೇನುಹುಳದಂತೆ ಕಾಣುವ ನೊಣವನ್ನು. ಅದನ್ನು ಗೆರೆಗೆರೆ ಬರೆದ ಉರುಳೆಯೊಳಗೆ ಬಿಟ್ಟು ಉರುಳೆಯನ್ನು ಬಲಕ್ಕೆ ತಿರುಗಿಸಿದರೆ ನೊಣವೂ ಬಲಕ್ಕೆ ತಿರುಗುತ್ತದೆ. ಜಗತ್ತು ಜಾರಿದಾಗ ಅದರ ಜೊತೆಗೇ ಹೋಗಬೇಕೆಂಬ ಸಹಜ ಪ್ರತಿಕ್ರಿಯೆ ಅದು. ಹಾಗಿದ್ದರೆ ನೊಣ ತಾನಾಗಿಯೇ ತಿರುಗಲು ಹೊರಟಾಗಲೂ ಅದರ ಕಣ್ಣಿಗೆ ಗೆರೆಗಳು ಜಾರಿದಂತೆ ಕಾಣಬೇಕಲ್ಲ? ಅದನ್ನು ಕಂಡು ಅದು ಮತ್ತೆ ಹಿಂದಕ್ಕೆ ತಿರುಗಿ, ನಿಂತಲ್ಲೇ ಸಿಕ್ಕಿಬೀಳಬೇಕಲ್ಲ? ಹಾಗಾಗುವುದಿಲ್ಲ. ನೊಣ ಆರಾಮವಾಗಿ ತಿರುಗಾಡುತ್ತದೆ. ಇಬ್ಬರೂ ಅದರ ತಲೆಯನ್ನು ಕತ್ತಿನಲ್ಲಿ 180 ಡಿಗ್ರಿ ತಿರುಚಿ ಮೇಣದಿಂದ ಅಂಟಿಸಿದರು. ಈಗ ಎಡಗಣ್ಣು ಬಲಕ್ಕೆ, ಬಲಗಣ್ಣು ಎಡಕ್ಕೆ. ಪಾಪದ ನೊಣ ಒಂದು ಹೆಜ್ಜೆ ತಿರುಗಲು ಹೋದರೆ ಸಾಕು, ಗರಗರ ಸುತ್ತತೊಡಗಿತು.

1950ರಲ್ಲಿ ಅವರು ಕೊಟ್ಟ ವಿವರಣೆ ಹೀಗೆ. ನಮ್ಮ ಕಚೇರಿಗಳಿಂದ ಹೊರಡುವ ಯಾವುದೇ ಆದೇಶದ ಕೊನೆಯಲ್ಲಿ, ಪ್ರತಿಯನ್ನು ಮಾಹಿತಿಗಾಗಿ ಎಂದು ಬರೆದು ನಾಲ್ಕಾರು ವಿಳಾಸ ಹಾಕಿರುತ್ತಾರೆ. ಆದೇಶ ಪಾಲಿಸಬೇಕಾದವರು ಒಬ್ಬರೇ; ಆದರೆ ಅದರಿಂದ ಏಳಬಹುದಾದ ಗದ್ದಲ ಕಂಡು ಗಾಬರಿಯಾಗಬಾರದವರಿಗೆಲ್ಲ ಒಂದೊಂದು ನಕಲು ಹೋಗುತ್ತದೆ. ಮಿದುಳು ಸ್ನಾಯುಗಳಿಗೆ ಆಜ್ಞೆ ಕೊಡುವಾಗಲೂ ಅದರ ಒಂದು ನಕಲನ್ನು ಇಂದ್ರಿಯಗಳ ವಿಭಾಗಕ್ಕೆ ಕಳಿಸುತ್ತದೆ: ಈಗ ಬರುವ ಅಲುಗಾಟ ನಮ್ಮದೇ, ಲೆಕ್ಕಕ್ಕೆ ತಗೋಬೇಡಿ. ತಲೆ ತಿರುಚಿದ ನೊಣದಲ್ಲಿ ನಕಲು ಹೇಳಿದ್ದು ಒಂದು ದಿಕ್ಕು, ಕಣ್ಣು ಕಂಡದ್ದು ಅದರ ಎದುರು ದಿಕ್ಕು. ಲೆಕ್ಕ ಹೊಂದಲಿಲ್ಲ, ನೊಣ ಗಿರಕಿ ಹೊಡೆಯಿತು. ಅದೇ ವರ್ಷ ಅಮೆರಿಕದಲ್ಲಿ ರೋಜರ್ ಸ್ಪೆರಿ ಮೀನಿನ ಕಣ್ಣನ್ನು ತಿರುಗಿಸಿ ಇಟ್ಟು, ಅದೂ ಹಾಗೆಯೇ ಸುತ್ತುವುದನ್ನು ಕಂಡು, ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದಿದ್ದರು.

ನೊಣದಿಂದ ಮನೋರೋಗಕ್ಕೆ ದಾರಿ ಹಾಕಿದವರು ಅಮೆರಿಕದ ಮನೋವೈದ್ಯ ಅರ್ವಿನ್ ಫೈನ್‌ಬರ್ಗ್. 1978ರಲ್ಲಿ ಬರೆದ ಒಂದು ಲೇಖನದಲ್ಲಿ ಅವರು, ಯೋಚನೆಯನ್ನೂ ಒಂದು ಬಗೆಯ ಚಲನೆ ಎಂದೇ ಎಣಿಸಿದರೆ ಹೇಗೆ ಎಂದು ಕೇಳಿದರು. ಕೈ ಎತ್ತುವ ಆಜ್ಞೆಗೆ ನಕಲು ಇರುವಂತೆ ಒಳಮಾತಿಗೂ ನಕಲು ಇರಬೇಕು. ಆ ನಕಲು ತಲುಪದಿದ್ದರೆ ಆಲೋಚನೆ ಬರುತ್ತದೆ, ಆದರೆ ನನ್ನದು ಎಂಬ ಮೊಹರು ಇಲ್ಲದೆ ಬರುತ್ತದೆ. ಸ್ಕಿಜೋಫ್ರೀನಿಯಾ ಇರುವ ಸುಮಾರು 70% ಮಂದಿಗೆ ಕೇಳುವ ಇಲ್ಲದ ದನಿ ಇದೇ ಇರಬಹುದೇ? ಬರೀ ತರ್ಕ, ಕೈಯಲ್ಲಿ ಒಂದೂ ಪುರಾವೆ ಇಲ್ಲ. ಆದರೂ ಆ ಲೇಖನ ಬಿದ್ದಲ್ಲೇ ಬಿದ್ದಿರಲಿಲ್ಲ.

ಲಂಡನ್ನಿನ ವಾಯವ್ಯ ಅಂಚಿನಲ್ಲಿರುವ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಕ್ರಿಸ್ ಫ್ರಿತ್ ಎಂಬ ಮನೋವಿಜ್ಞಾನಿ ಇದ್ದರು. 1976ರಲ್ಲಿ ಈವ್ ಜಾನ್‌ಸ್ಟನ್, ಟಿಮ್ ಕ್ರೋ ಮತ್ತು ಇವರು ಸೇರಿದ್ದ ತಂಡ 17 ರೋಗಿಗಳ ಸಿ.ಟಿ. ಸ್ಕ್ಯಾನ್ ಮಾಡಿ, ಮಿದುಳಿನೊಳಗೆ ದ್ರವ ತುಂಬಿದ ಕುಹರಗಳು ಸರಾಸರಿಗಿಂತ ಅಗಲವಾಗಿವೆ ಎಂದು ತೋರಿಸಿತ್ತು. ಸ್ಕಿಜೋಫ್ರೀನಿಯಾಕ್ಕೆ ತಾಯಿಯ ಸಾಕಣೆಯೇ ಕಾರಣ ಎಂದು ತಾಯಂದಿರನ್ನು ಹೊಣೆ ಮಾಡುತ್ತಿದ್ದ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಈ ರೋಗ ಮಿದುಳಿನದು ಎಂದು ಹೇಳಲು ಆ ಸ್ಕ್ಯಾನ್ ದೊಡ್ಡ ಬಲ ಕೊಟ್ಟಿತು. ಆದರೆ ಕುಹರ ಅಗಲವಾದರೆ ಕಿವಿಯಲ್ಲಿ ಮಾತೇಕೆ ಕೇಳಬೇಕು? ಅದಕ್ಕೆ ಆ ಚಿತ್ರಗಳಲ್ಲಿ ಉತ್ತರವಿರಲಿಲ್ಲ. ಫ್ರಿತ್ ಫೈನ್‌ಬರ್ಗರ ನಕಲಿನ ಹಿಂದೆ ಬಿದ್ದರು. ಸಹೋದ್ಯೋಗಿ ಜಾನ್ ಡನ್ ಜೊತೆ ರೋಗಿಗಳಿಗೆ ವಿಡಿಯೊ ಆಟ ಕೊಟ್ಟರು. ಜಾಯ್‌ಸ್ಟಿಕ್ ತಪ್ಪು ದಿಕ್ಕಿಗೆ ಸರಿದರೆ ನಾವು ಪರದೆಯಲ್ಲಿ ಅದನ್ನು ಕಾಣುವ ಮೊದಲೇ ಸರಿಪಡಿಸಿಕೊಳ್ಳುತ್ತೇವೆ. ಕೊಟ್ಟ ಆಜ್ಞೆಯ ನಕಲು ಒಳಗೇ ಇರುವುದರಿಂದ ಅದು ಸಾಧ್ಯ. ತನ್ನ ಕೈಯನ್ನು ಇನ್ಯಾರೋ ಆಡಿಸುತ್ತಾರೆ ಎನ್ನುವ ರೋಗಿಗಳು ಪರದೆ ಕಂಡಾಗ ತಪ್ಪು ತಿದ್ದಿಕೊಂಡರು, ಪರದೆ ಮರೆಯಾದಾಗ ತಿದ್ದಿಕೊಳ್ಳಲಾರದೆ ಹೋದರು. ಫಲಿತಾಂಶ 1989ರಲ್ಲಿ ಬಂತು. ಅಲ್ಲಿಂದ ಮೂರು ವರ್ಷಕ್ಕೆ ಫ್ರಿತ್ ಇದನ್ನೆಲ್ಲ ಸೇರಿಸಿ ಒಂದು ಪುಸ್ತಕವನ್ನೇ ಬರೆದರು.

ಅಷ್ಟು ಹೊತ್ತಿಗೆ ಮಿದುಳು ಕೆಲಸ ಮಾಡುತ್ತಿರುವಾಗಲೇ ಅದರ ಚಿತ್ರ ತೆಗೆಯುವ ಯಂತ್ರಗಳು ಬಂದಿದ್ದವು. ಎಲ್ಲರಿಗೂ ಒಂದೇ ಆಸೆ: ದನಿ ಕೇಳುತ್ತಿರುವ ಗಳಿಗೆಯಲ್ಲೇ ಮಿದುಳನ್ನು ಹಿಡಿಯಬೇಕು. ಹೇಳಿದಷ್ಟು ಸುಲಭವಲ್ಲ. ದನಿ ಕರೆದಾಗ ಬರುವುದಿಲ್ಲ, ಬಂದದ್ದು ಸ್ಕ್ಯಾನ್ ಮುಗಿಯುವವರೆಗೆ ನಿಲ್ಲುವುದೂ ಇಲ್ಲ. ಲಂಡನ್ನಿನ ಫಿಲಿಪ್ ಮೆಕ್‌ಗ್ವೈರ್ ತಾಳ್ಮೆಯ ದಾರಿ ಹಿಡಿದರು. 12 ಗಂಡಸರನ್ನು ದನಿ ಜೋರಾಗಿದ್ದಾಗ ಒಮ್ಮೆ, ಚಿಕಿತ್ಸೆಯಿಂದ ದನಿ ನಿಂತ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ ಎರಡನ್ನೂ ಹೋಲಿಸಿದರು. 1993ರ ಫಲಿತಾಂಶ ಗೌಲ್ಡರ ಪಿಸುಮಾತನ್ನು ನೆನಪಿಸುವಂತಿತ್ತು. ದನಿ ಕೇಳುವಾಗ ರಕ್ತದ ಹರಿವು ಹೆಚ್ಚಿದ್ದು ಮುಖ್ಯವಾಗಿ ಬ್ರೋಕಾ ಪ್ರದೇಶದಲ್ಲಿ, ಅಂದರೆ ಕೇಳುವ ಜಾಗದಲ್ಲಲ್ಲ, ಮಾತು ಕಟ್ಟುವ ಜಾಗದಲ್ಲಿ.

ನ್ಯೂಯಾರ್ಕಿನಿಂದ ಬಂದಿದ್ದ ಡೇವಿಡ್ ಸಿಲ್ಬರ್ಸ್‌ವೈಗ್ ಮತ್ತು ಎಮಿಲಿ ಸ್ಟರ್ನ್ ಇನ್ನೂ ಧೈರ್ಯದ ದಾರಿ ಹಿಡಿದರು. ಫ್ರಿತ್ ಮುಂತಾದವರ ಜೊತೆಗೂಡಿ, ಪೆಟ್ ಸ್ಕ್ಯಾನರಿನಲ್ಲಿ ಮಲಗಿದ ರೋಗಿಯ ಕೈಗೆ ಗುಂಡಿ ಕೊಟ್ಟು, ದನಿ ಕೇಳಿದಾಗ ಒತ್ತಿ ಎಂದರು. ಹೀಗೆ ಸಿಕ್ಕವರು ಐವರು. ಆರನೆಯವರೊಬ್ಬರಿಗೆ ದನಿ ಮಾತ್ರವಲ್ಲ, ಉರುಳಾಡುವ ರುಂಡಗಳು ಮಾತಾಡುವುದೂ ಕಾಣುತ್ತಿತ್ತು. 1995ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅವರ ಚಿತ್ರಗಳಲ್ಲಿ ಬೆಳಗಿದ್ದು ಬ್ರೋಕಾ ಅಲ್ಲ. ಮಿದುಳಿನ ಆಳದ ಥಲಾಮಸ್, ಸ್ಟ್ರಯೇಟಮ್, ಹಿಪ್ಪೊಕ್ಯಾಂಪಸ್ ಸುತ್ತಲಿನ ಭಾಗಗಳು. ನಾಲ್ಕು ವರ್ಷದ ಮೇಲೆ ಜರ್ಮನಿಯಲ್ಲಿ ಥಾಮಸ್ ಡೀರ್ಕ್ಸ್ ತಂಡ ಎಂ.ಆರ್.ಐ.ಯಲ್ಲಿ ಮೂವರನ್ನು ನೋಡಿತು. ಅಲ್ಲಿ ಬೆಳಗಿದ್ದು ಹೆಶ್ಲ್ ಮಡಿಕೆ, ಹೊರಗಿನ ಶಬ್ದ ಮಿದುಳಿನ ಹೊರಪದರಕ್ಕೆ ಮೊದಲು ಬಂದಿಳಿಯುವ ತಾಣ. ಆ ಮೂವರಿಗೆ ದನಿ ಅಷ್ಟು ನಿಜವೆನಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಒಂದು ತಂಡಕ್ಕೆ ಬಾಯಿ, ಒಂದಕ್ಕೆ ಕಿವಿ, ಒಂದಕ್ಕೆ ಮಿದುಳಿನ ನೆಲಮಾಳಿಗೆ. ಎಲ್ಲರೂ ಸರಿಯಾಗಿಯೇ ಅಳೆದಿದ್ದರು. ಈ ಕತೆಯಲ್ಲಿ ನನಗೆ ಅತ್ಯಂತ ಕುತೂಹಲದ ತಿರುವು ಇದು. ಎಲ್ಲಿ ಎಂಬ ಪ್ರಶ್ನೆಗೆ ಇಷ್ಟು ಉತ್ತರಗಳು ಬಂದಾಗ ಕೆಲವರಾದರೂ ಪ್ರಶ್ನೆಯನ್ನೇ ಸಂದೇಹಿಸಬೇಕಾಯಿತು.

ಈ ಉತ್ತರಗಳೆಲ್ಲ ಬಂದು ಮುಗಿಯುವ ಮೊದಲೇ ಹಾಗೆ ಸಂದೇಹಿಸಿದವರಲ್ಲಿ ಮುಖ್ಯರು ಕಾರ್ಲ್ ಫ್ರಿಸ್ಟನ್. ಮನೋವೈದ್ಯರಾಗಿ ತರಬೇತಿ ಪಡೆದು ಗಣಿತದ ಕಡೆ ವಾಲಿದವರು, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಫ್ರಿತ್ ಅವರ ಸಹೋದ್ಯೋಗಿ. ಸ್ಕ್ಯಾನರಿನಲ್ಲಿ ಒಂದು ಜಾಗ ಬೆಳಗಿತೇ ಎಂದು ನೋಡುವುದರ ಬದಲು, ಎರಡು ಜಾಗಗಳ ಏರಿಳಿತ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತದೆಯೇ ಎಂದು ಲೆಕ್ಕ ಹಾಕುವ ವಿಧಾನವನ್ನು ಅವರು ರೂಪಿಸುತ್ತಿದ್ದರು. ಆರೋಗ್ಯವಂತರಿಗೆ ಮನಸ್ಸಿನಿಂದ ಪದಗಳನ್ನು ಹೆಕ್ಕಿ ಹೇಳುವ ಕೆಲಸ ಕೊಟ್ಟರೆ ಹಣೆಯ ಹಿಂದಿನ ಹಾಲೆ ಚುರುಕಾಗುತ್ತದೆ, ಅದೇ ಹೊತ್ತಿಗೆ ಕಿವಿಯ ಪಕ್ಕದ ಹಾಲೆ ತಣ್ಣಗಾಗುತ್ತದೆ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಹಣೆಯ ಹಿಂದಿನದು ಚುರುಕಾಯಿತು. ಕಿವಿಯ ಪಕ್ಕದ್ದು ತಣ್ಣಗಾಗಲಿಲ್ಲ. ಎರಡು ಜಾಗವನ್ನೂ ಬೇರೆಬೇರೆಯಾಗಿ ನೋಡಿದರೆ ಹೇಳಿಕೊಳ್ಳುವಂಥ ದೋಷವಿಲ್ಲ. ಕೆಟ್ಟಿರುವುದು ಅವುಗಳ ನಡುವಣ ವ್ಯವಹಾರ. 1995ರಲ್ಲಿ ಫ್ರಿಸ್ಟನ್ ಮತ್ತು ಫ್ರಿತ್ ಸ್ಕಿಜೋಫ್ರೀನಿಯಾ ಸಂಪರ್ಕ ಕಡಿದ ಕಾಯಿಲೆಯೇ ಎಂದು ಕೇಳುವ ಲೇಖನ ಬರೆದರು. ಶೀರ್ಷಿಕೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕುವಷ್ಟು ಎಚ್ಚರ ಇಬ್ಬರಿಗೂ ಇತ್ತು.

ಹೊಸ ಮಾತೇನಲ್ಲ ಅದು. ಮಾತಿನ ತಿಳಿವಿಗೆ ಸಂಬಂಧಿಸಿದ ಪ್ರದೇಶಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದ ಕಾರ್ಲ್ ವೆರ್ನಿಕೆ ನೂರು ವರ್ಷ ಮೊದಲೇ, ಮನೋರೋಗದ ಮೂಲ ಮಿದುಳಿನ ಭಾಗಗಳನ್ನು ಕೂಡಿಸುವ ಎಳೆಗಳು ಬಿಟ್ಟುಹೋಗುವುದರಲ್ಲಿದೆ ಎಂದು ವಾದಿಸಿದ್ದರು. ಎಳೆಗಳನ್ನು ಜೀವಂತ ಮನುಷ್ಯನಲ್ಲಿ ನೋಡುವ ದಾರಿ ಆಗ ಇರಲಿಲ್ಲ. 1905ರಲ್ಲಿ ಸೈಕಲ್ ಅಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಆ ವಾದವೂ ಮೂಲೆ ಸೇರಿತು.

ಈಗ ಕಚಗುಳಿಯ ಕತೆ. ನಮಗೆ ನಾವೇ ಕಚಗುಳಿ ಇಟ್ಟುಕೊಳ್ಳಲಾಗುವುದಿಲ್ಲ, ಮಕ್ಕಳಿಗೂ ಗೊತ್ತು. ನಕಲಿನ ಸಿದ್ಧಾಂತ ನಿಜವಾದರೆ ಅದಕ್ಕೂ ಅದೇ ಕಾರಣ ಇರಬೇಕು. ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್ ಮತ್ತು ಫ್ರಿತ್ ಸೇರಿ ಕಚಗುಳಿ ಇಡುವ ರೋಬೊ ಕಟ್ಟಿದರು. ಎಡಗೈಯಿಂದ ಹಿಡಿಕೆ ಆಡಿಸಿದರೆ ಇನ್ನೊಂದು ತುದಿಯಲ್ಲಿರುವ ಸ್ಪಂಜಿನ ತುಂಡು ಬಲ ಅಂಗೈಯನ್ನು ಸವರುತ್ತದೆ. ತಕ್ಷಣ ಸವರಿದರೆ ಕಚಗುಳಿ ಇಲ್ಲ. ಕೈ ಆಡಿಸಿ ಸೆಕೆಂಡಿನ ಹತ್ತನೇ ಒಂದು, ಹತ್ತನೇ ಎರಡು ಭಾಗ ತಡವಾಗಿ ಸವರುವಂತೆ ಮಾಡಿದರೆ ಕಚಗುಳಿ ಏರುತ್ತ ಹೋಯಿತು. ಇಡುತ್ತಿರುವುದು ತಾನೇ, ಆದರೂ. ನಕಲು ಹೇಳಿದ ಹೊತ್ತಿಗೂ ಸ್ಪರ್ಶ ಬಂದ ಹೊತ್ತಿಗೂ ವ್ಯತ್ಯಾಸ ಬಂದೊಡನೆ ಮಿದುಳು ಅದನ್ನು ಹೊರಗಿನದೆಂದು ಬಗೆಯಿತು. 2000ದಲ್ಲಿ ಬ್ಲೇಕ್‌ಮೋರ್ ಇದನ್ನು ರೋಗಿಗಳಲ್ಲಿ ನೋಡಿದರು. ದನಿ ಕೇಳುವವರು ಮತ್ತು ಪರರ ಹಿಡಿತದಲ್ಲಿದ್ದೇನೆ ಎನ್ನುವವರು ತಮ್ಮ ಸ್ಪರ್ಶವನ್ನೂ ಬೇರೆಯವರ ಸ್ಪರ್ಶವನ್ನೂ ಒಂದೇ ತೀಕ್ಷ್ಣತೆಯಲ್ಲಿ ಅನುಭವಿಸಿದರು. ತಮಗೆ ತಾವೇ ಕಚಗುಳಿ ಇಟ್ಟುಕೊಳ್ಳಬಲ್ಲವರು.

ಇದಕ್ಕಿಂತ ಸೊಗಸಾದದ್ದು ಸುಖ್ವಿಂದರ್ ಶೇರ್ಗಿಲ್ ಅವರು ಫ್ರಿತ್ ಮತ್ತು ವೋಲ್ಪರ್ಟ್ ಜೊತೆ ಮಾಡಿದ ಪ್ರಯೋಗ. ಯಂತ್ರವೊಂದು ನಿಮ್ಮ ಬೆರಳನ್ನು ಒತ್ತುತ್ತದೆ. ಅಷ್ಟೇ ಬಲದಿಂದ ಇನ್ನೊಂದು ಕೈಯಿಂದ ನೀವೇ ಒತ್ತಿಕೊಂಡು ತೋರಿಸಬೇಕು. ಆರೋಗ್ಯವಂತರು ಪ್ರತಿ ಸಲವೂ ಬೇಕಾದ್ದಕ್ಕಿಂತ ಜೋರಾಗಿ ಒತ್ತಿದರು. ಸ್ವಂತ ಒತ್ತು ಅವರಿಗೆ ಕಡಿಮೆಯಾಗಿ ತಿಳಿಯುತ್ತದೆ, ನಕಲು ಅದನ್ನು ಮೊದಲೇ ಕಳೆದಿರುತ್ತದೆ. ನಾನು ಮೆತ್ತಗೆ ಹೊಡೆದೆ, ಅವನೇ ಜೋರಾಗಿ ಹೊಡೆದ ಎಂದು ಜಗಳವಾಡಿದ ಮಕ್ಕಳಿಬ್ಬರೂ ಹೇಳುವುದು ಸುಳ್ಳಲ್ಲ ಎಂದಾಯಿತು. 2005ರಲ್ಲಿ ಇದೇ ಪರೀಕ್ಷೆಯನ್ನು ಸ್ಕಿಜೋಫ್ರೀನಿಯಾ ಇರುವವರಿಗೆ ಕೊಟ್ಟಾಗ ಅವರ ಲೆಕ್ಕ ಹೆಚ್ಚು ಸರಿಯಾಗಿತ್ತು. ಮನೋರೋಗದ ಪರೀಕ್ಷೆಗಳಲ್ಲಿ ರೋಗಿಗಳು ಯಾವಾಗಲೂ ಹಿಂದೆ ಬೀಳುತ್ತಾರೆ, ಔಷಧದ ಮಂಪರು, ಗಮನವಿಲ್ಲ, ಉತ್ಸಾಹವಿಲ್ಲ ಎಂದು ನೂರು ಕಾರಣ ಹೇಳಬಹುದು. ಆರೋಗ್ಯವಂತರಿಗಿಂತ ಚೆನ್ನಾಗಿ ಮಾಡಿದರೆ ಆ ನೂರು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. ಈ ಇಡೀ ಸಾಲಿನಲ್ಲಿ ನಾನು ತುಂಬಾ ನಂಬುವ ಪ್ರಯೋಗ ಇದು.

ಕೈಗೆ ಸರಿ, ಮಾತಿಗೆ? ಅದನ್ನು ಹಿಡಿದವರು ಅಮೆರಿಕದ ಜೂಡಿತ್ ಫೋರ್ಡ್ ಮತ್ತು ಡೇನಿಯಲ್ ಮಥಾಲನ್. ಅವರ ಉಪಕರಣ ಹಳೆಯ ಇ.ಇ.ಜಿ. ಕಿವಿಗೆ ಸದ್ದು ಬಿದ್ದು ಸೆಕೆಂಡಿನ ಹತ್ತನೇ ಒಂದು ಭಾಗ ಕಳೆಯುವಷ್ಟರಲ್ಲಿ ಮಿದುಳಿನಿಂದ ಎನ್1 ಎಂಬ ಅಲೆ ಏಳುತ್ತದೆ. ಒಬ್ಬರಿಗೆ ಆ ಎಂದು ಹೇಳಿಸಿ ಧ್ವನಿಮುದ್ರಿಸಿ, ಮತ್ತೆ ಅದನ್ನೇ ಕೇಳಿಸಿದರೆ, ಕೇಳುವಾಗ ಅಲೆ ದೊಡ್ಡದು, ಹೇಳುವಾಗ ಸಣ್ಣದು. ಶಬ್ದ ಒಂದೇ, ಆದರೆ ಹೇಳುವಾಗ ಕಿವಿಯ ವಿಭಾಗಕ್ಕೆ ಮೊದಲೇ ನಕಲು ಹೋಗಿರುತ್ತದೆ. ಸ್ಕಿಜೋಫ್ರೀನಿಯಾದಲ್ಲಿ ಈ ಇಳಿತ ಕುಂದಿತ್ತು. 2002ರಲ್ಲಿ ಅವರು ಮಿದುಳಿನ ಎರಡು ಹಾಲೆಗಳ ಅಲೆಗಳನ್ನು ಜೊತೆಗಿಟ್ಟು ನೋಡಿದರು. ಆರೋಗ್ಯವಂತರು ಮಾತಾಡುವಾಗ ಹಣೆಯ ಹಿಂದಿನ ಹಾಲೆಯೂ ಕಿವಿಯ ಪಕ್ಕದ ಹಾಲೆಯೂ ಲಯ ಕೂಡಿಸಿಕೊಳ್ಳುತ್ತವೆ. ರೋಗಿಗಳಲ್ಲಿ, ಅದರಲ್ಲೂ ದನಿ ಕೇಳುವವರಲ್ಲಿ, ಆ ಕೂಟ ಏರ್ಪಡಲಿಲ್ಲ. ಅದೇ ವರ್ಷ ಎಡಿನ್‌ಬರೋದ ಸ್ಟೀಫನ್ ಲಾರಿ ತಂಡ ಬೇರೆಯದೇ ಉಪಕರಣ ಬಳಸಿ, ಎಂ.ಆರ್.ಐ.ಯಲ್ಲಿ ವಾಕ್ಯ ಪೂರ್ತಿ ಮಾಡಿಸುತ್ತ, ಅದೇ ಎರಡು ಹಾಲೆಗಳ ಸಂಪರ್ಕ ಕುಂದಿರುವುದನ್ನೂ, ದನಿಗಳ ತೀವ್ರತೆಯ ಜೊತೆ ಅದು ಹೊಂದುವುದನ್ನೂ ಕಂಡಿತು. ಐದು ವರ್ಷದ ನಂತರ ಫೋರ್ಡ್ ಇನ್ನೊಂದು ಸೂಕ್ಷ್ಮ ತೋರಿಸಿದರು: ಈ ಲಯಗೂಡುವಿಕೆ ನಡೆಯುವುದು ಬಾಯಿ ತೆರೆಯುವುದಕ್ಕೆ ಮುಂಚಿನ ಗಳಿಗೆಯಲ್ಲಿ. ನಕಲು ಸದ್ದಿಗಿಂತ ಮೊದಲೇ ತಲುಪಬೇಕಲ್ಲ.

ನಕಲನ್ನು ಒಂದೇ ನರಕೋಶದಲ್ಲಿ ಕಣ್ಣಾರೆ ಕಂಡದ್ದು ಮಾತ್ರ ಮನುಷ್ಯರಲ್ಲಿ ಅಲ್ಲ. ರಾತ್ರಿಯಿಡೀ ಕಿರ್ರೆನ್ನುವ ಚಿಮ್ಮಂಡೆ ತನ್ನ ಕೂಗಿಗೆ ತಾನೇ ಕಿವುಡಾಗುವುದಿಲ್ಲ ಏಕೆ ಎಂದು ಕೇಂಬ್ರಿಜ್‌ನ ಜೇಮ್ಸ್ ಪುಲೆ ಮತ್ತು ಬರ್ಟೋಲ್ಡ್ ಹೆಡ್ವಿಗ್ ಹುಡುಕಿದರು. ರೆಕ್ಕೆ ತೀಡಿದಷ್ಟು ಹೊತ್ತು ಕಿವಿಯ ನರಗಳನ್ನು ತಡೆದು ಹಿಡಿಯುವ ಒಂದೇ ಒಂದು ನರಕೋಶವನ್ನು 2006ರಲ್ಲಿ ಗುರುತಿಸಿದರು.

ಇಷ್ಟಾದ ಮೇಲೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಏಕೆಂದರೆ ಬಾಯಿಯ ಪ್ರದೇಶವನ್ನೂ ಕಿವಿಯ ಪ್ರದೇಶವನ್ನೂ ಕೂಡಿಸುವ, ಬಿಲ್ಲಿನಂತೆ ಬಾಗಿದ ನರತಂತುಗಳ ಕಟ್ಟು ಮಿದುಳಿನಲ್ಲಿದೆ. ನೀರಿನ ಕಣಗಳು ಯಾವ ದಿಕ್ಕಿಗೆ ಹರಡುತ್ತವೆ ಎಂದು ಅಳೆದು ಇಂಥ ಕಟ್ಟುಗಳ ಸ್ಥಿತಿ ತಿಳಿಯುವ ಎಂ.ಆರ್.ಐ. ತಂತ್ರ ಬಂದಾಗ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಡಾನಿಯೆಲಾ ಹುಬ್ಲ್ ತಂಡ ದನಿ ಕೇಳುವ 13 ರೋಗಿಗಳನ್ನೂ ಕೇಳದ 13 ರೋಗಿಗಳನ್ನೂ ಹೋಲಿಸಿತು. ಸಂಪರ್ಕ ಕಡಿದಿದ್ದರೆ ದನಿ ಕೇಳುವವರಲ್ಲಿ ಆ ಕಟ್ಟು ಸಡಿಲವಾಗಿರಬೇಕು. 2004ರ ಫಲಿತಾಂಶ ತಿರುಗುಮುರುಗಾಗಿತ್ತು: ಕಟ್ಟಿನ ಕೆಲವು ಭಾಗಗಳಲ್ಲಿ ತಂತುಗಳು ದನಿ ಕೇಳುವವರಲ್ಲೇ ಹೆಚ್ಚು ಒತ್ತಾಗಿ, ಒಂದೇ ದಿಕ್ಕಿಗೆ ಹೊಂದಿಕೊಂಡಿದ್ದವು. ಬಾಯಿ ಮಾಡುವ ಕೆಲಸ ಅತಿಯಾಗಿ ಕಿವಿಗೆ ರವಾನೆಯಾಗುತ್ತಿದೆ ಎಂದು ಅವರು ವಿವರಿಸಿದರು. ಯೇಲ್ ವಿಶ್ವವಿದ್ಯಾಲಯದ ರಾಲ್ಫ್ ಹಾಫ್‌ಮನ್ ಕೂಡ 2011ರಲ್ಲಿ ಹೊರಪದರವನ್ನೂ ಆಳದ ಸ್ಟ್ರಯೇಟಮನ್ನೂ ಸುತ್ತುವ ಕುಣಿಕೆಯೊಂದರಲ್ಲಿ ಸಂಪರ್ಕ ಹೆಚ್ಚಿರುವುದನ್ನು ವರದಿ ಮಾಡಿದರು. ಕಡಿಮೆಯೇ, ಹೆಚ್ಚೇ? ಎರಡೂ ಇರಬಹುದು, ಬೇರೆಬೇರೆ ಎಳೆಗಳಲ್ಲಿ ಎಂದು ಇಂದು ಬಹುಮಂದಿ ಹೇಳುತ್ತಾರೆ. ಹಾಗೆ ಹೇಳುವುದು ಸುಲಭ. ಯಾವ ಎಳೆಯಲ್ಲಿ ಎಷ್ಟು ಎಂದು ಮೊದಲೇ ಹೇಳಿ ಆಮೇಲೆ ಅಳೆದು ತೋರಿಸಿದಾಗಲೇ ಅದಕ್ಕೆ ಬೆಲೆ.

ಅಳತೆಯ ಮೇಲೇ ಕುತ್ತು ಬಂದದ್ದೂ ಉಂಟು. ಏನೂ ಕೆಲಸ ಕೊಡದೆ ಸುಮ್ಮನೆ ಮಲಗಿಸಿದಾಗಲೂ ಮಿದುಳಿನ ದೂರದ ಭಾಗಗಳು ನಿಧಾನವಾಗಿ ಒಟ್ಟಿಗೆ ಏರಿಳಿಯುತ್ತವೆ ಎಂದು 1995ರಲ್ಲಿ ತೋರಿಸಿದವರು ಭಾರತೀಯ ಮೂಲದ ಭರತ್ ಬಿಸ್ವಾಲ್, ಆಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವಿದ್ಯಾರ್ಥಿ. ಉಳಿದವರು ಗದ್ದಲವೆಂದು ಸೋಸಿ ಎಸೆಯುತ್ತಿದ್ದುದರಲ್ಲಿ ಅವರಿಗೆ ಜಾಲ ಕಂಡಿತು. ಮಲಗಿದರೆ ಸಾಕು, ಗುಂಡಿ ಒತ್ತಬೇಕಿಲ್ಲ, ಆಟ ಆಡಬೇಕಿಲ್ಲ. ರೋಗಿಗಳ ಅಧ್ಯಯನಕ್ಕೆ ಇದಕ್ಕಿಂತ ಅನುಕೂಲ ಏನಿದೆ ಎಂದು ಇದರ ಮೇಲೆ ನೂರಾರು ಪ್ರಬಂಧಗಳು ಬಂದವು. 2012ರಲ್ಲಿ ಸೇಂಟ್ ಲೂಯಿಸ್‌ನ ಜೊನಾಥನ್ ಪವರ್ ತಂಡ ತಣ್ಣೀರೆರಚಿತು. ಸ್ಕ್ಯಾನರಿನಲ್ಲಿ ತಲೆ ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ದೂರದ ಭಾಗಗಳ ಸಂಪರ್ಕ ಇದ್ದುದಕ್ಕಿಂತ ಕಡಿಮೆಯಾಗಿ, ಹತ್ತಿರದವುಗಳದು ಹೆಚ್ಚಾಗಿ ಕಾಣುತ್ತದೆ. ಸಂಕಟದಲ್ಲಿರುವ, ಔಷಧದಿಂದ ಕೈಕಾಲು ಚಡಪಡಿಸುವ ರೋಗಿ ಆರೋಗ್ಯವಂತರಿಗಿಂತ ಹೆಚ್ಚು ಅಲುಗುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಎಷ್ಟೋ ಫಲಿತಾಂಶಗಳನ್ನು ಮತ್ತೆ ಜರಡಿ ಹಿಡಿಯಬೇಕಾಯಿತು.

ಸಿದ್ಧಾಂತಕ್ಕೆ ಇನ್ನೂ ಕಠಿಣವಾದ ಆಕ್ಷೇಪ ರೋಗಿಗಳ ಬಾಯಿಂದಲೇ ಬರುತ್ತದೆ. ಅದು ನನ್ನ ಒಳಮಾತೇ ಆಗಿದ್ದರೆ ಅದಕ್ಕೆ ನೆರೆಯವನ ಕಂಠ ಏಕೆ? ಅದು ನನ್ನನ್ನು ನೀನು ಎಂದೋ ಅವಳು ಎಂದೋ ಏಕೆ ಬಯ್ಯುತ್ತದೆ? ಸ್ಟ್ಯಾನ್‌ಫರ್ಡ್‌ನ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್, ಚೆನ್ನೈನ ಮನೋವೈದ್ಯೆ ಆರ್. ಪದ್ಮಾವತಿ ಮುಂತಾದವರೊಂದಿಗೆ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ಚೆನ್ನೈನಲ್ಲಿ ತಲಾ 20 ಮಂದಿಯನ್ನು ಮಾತಾಡಿಸಿದರು. ಕ್ಯಾಲಿಫೋರ್ನಿಯಾದವರಿಗೆ ಕೇಳುವುದು ಹೆಚ್ಚಾಗಿ ಅಪರಿಚಿತರ ದನಿ, ಹಿಂಸೆಯ ಮಾತು. ಚೆನ್ನೈನ ಅರ್ಧಕ್ಕಿಂತ ಹೆಚ್ಚು ಜನರಿಗೆ ಕೇಳಿದ್ದು ಬಂಧುಗಳ ದನಿ. ಅಡುಗೆ ಮಾಡು, ಸ್ನಾನ ಮಾಡು ಎಂಬಂಥ ಬುದ್ಧಿಮಾತೂ ಅದರಲ್ಲಿತ್ತು, ಬೈಗುಳವೂ ಇತ್ತು. ನಮ್ಮ ಒಳಮಾತಿನಲ್ಲಿ ಅಪ್ಪನ ಗದರಿಕೆ, ಅತ್ತೆಯ ಕೊಂಕು ಮೊದಲೇ ಮನೆ ಮಾಡಿರುತ್ತವೆ ಎಂದರೆ ಒಂದಿಷ್ಟು ಉತ್ತರ ಸಿಕ್ಕೀತು. ನಕಲು ಕಳೆದುಹೋಗುವುದಾದರೆ ಎಲ್ಲ ಒಳಮಾತೂ ಪರಕೀಯವಾಗಬೇಕು, ಕೆಲವು ಮಾತ್ರ ಏಕೆ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಅದಕ್ಕೆ ಬೇರೊಂದು ದಿಕ್ಕಿನಿಂದ ಬಂದವರು ಯೇಲ್‌ನ ಆಲ್ಬರ್ಟ್ ಪವರ್ಸ್ ಮತ್ತು ಫಿಲಿಪ್ ಕಾರ್ಲೆಟ್. ಚೌಕಳಿ ಚಿತ್ರವೊಂದನ್ನು ತೋರಿಸುವಾಗಲೆಲ್ಲ ಒಂದು ಸಣ್ಣ ನಾದ ಕೇಳಿಸುತ್ತ, ಆಮೇಲೆ ನಾದವನ್ನು ಸದ್ದಿಲ್ಲದೆ ತೆಗೆದುಬಿಟ್ಟರು. ಚಿತ್ರ ಮಾತ್ರ ಬಂದಾಗಲೂ ಕೆಲವರಿಗೆ ನಾದ ಕೇಳಿತು. ದನಿ ಕೇಳುವ ರೋಗಿಗಳು, ದನಿ ಕೇಳದ ರೋಗಿಗಳು, ಕಾಯಿಲೆಯಿಲ್ಲದೆ ದನಿ ಕೇಳುವ ಕಣಿ ಹೇಳುವವರು ಮತ್ತು ಸಾಮಾನ್ಯರು, ಹೀಗೆ ನಾಲ್ಕು ಗುಂಪು ಮಾಡಿದ್ದು ಇವರ ಜಾಣತನ. ಇಲ್ಲದ ನಾದ ಹೆಚ್ಚಾಗಿ ಕೇಳಿದ್ದು ದನಿ ಕೇಳುವ ಎರಡೂ ಗುಂಪುಗಳಿಗೆ, ರೋಗ ಇರಲಿ ಬಿಡಲಿ. ಅವರ ಮಿದುಳು ನಿರೀಕ್ಷೆಗೆ ಕಿವಿಗಿಂತ ಹೆಚ್ಚು ತೂಕ ಕೊಡುತ್ತಿತ್ತು. 2017ರ ಈ ಫಲಿತಾಂಶವನ್ನು ಶೇರ್ಗಿಲ್ಲರ ಬೆರಳೊತ್ತಿನ ಪಕ್ಕ ಇಟ್ಟರೆ ತಲೆ ಕೆರೆದುಕೊಳ್ಳಬೇಕು. ಅಲ್ಲಿ ಮುನ್ಸೂಚನೆ ದುರ್ಬಲ, ಇಲ್ಲಿ ಅತಿಬಲ. ಸ್ವಂತ ಕ್ರಿಯೆಯ ಮುನ್ಸೂಚನೆ ಬೇರೆ, ಲೋಕದ ಬಗೆಗಿನ ನಿರೀಕ್ಷೆ ಬೇರೆ. ಮೊದಲನೆಯದು ಸೋತಲ್ಲಿ ಎರಡನೆಯದು ಮೇಲುಗೈ ಪಡೆಯುತ್ತದೆ ಎಂದು ಎರಡನ್ನೂ ಹೊಂದಿಸುವವರಿದ್ದಾರೆ. ನನಗದು ಹಿಡಿಸುತ್ತದೆ, ಆದರೆ ಹಿಡಿಸುವುದು ಪುರಾವೆಯಲ್ಲ.

ಈ ನಡುವೆ ಚಿಕಿತ್ಸೆ ಕಾಯುತ್ತ ಕೂತಿರಲಿಲ್ಲ. 1987ರಲ್ಲೇ ಪೀಟರ್ ಬಿಕ್ ಮತ್ತು ಮಾರ್ಸೆಲ್ ಕಿನ್ಸ್‌ಬೋರ್ನ್ ಎಂಬವರು 18 ರೋಗಿಗಳಿಗೆ ದನಿ ಬಂದಾಗ ಬಾಯಿಯನ್ನು ಅಗಲವಾಗಿ ತೆರೆಯಲು ಹೇಳಿದ್ದರು. ಬಾಯಿ ತೆರೆದರೆ ಪಿಸುಗುಟ್ಟಲಾಗದು. 14 ಮಂದಿ ದನಿ ನಿಂತಿತೆಂದರು. ಆಮೇಲಿನ ಪರೀಕ್ಷೆಯಲ್ಲಿ ಈ ಉಪಾಯ ಅಷ್ಟಾಗಿ ನಿಲ್ಲಲಿಲ್ಲ; ಗುನುಗುವುದು ಅದಕ್ಕಿಂತ ಮೇಲೆನಿಸಿತು. 2012ರಲ್ಲಿ ಫ್ರಾನ್ಸಿನ ಲಿಯೋನ್ ಬಳಿಯ ಜೆರೋಮ್ ಬ್ರೂನೆಲಿನ್ ತಂಡ ಅದೇ ಎರಡು ಹಾಲೆಗಳ ಮೇಲೆ, ಹಣೆಯ ಎಡಬದಿಗೆ ಒಂದು ಮತ್ತು ಎಡಗಿವಿಯ ಮೇಲೆ ಹಿಂದಕ್ಕೆ ಇನ್ನೊಂದು ಒದ್ದೆ ಪ್ಯಾಡ್ ಇಟ್ಟು, 2 ಮಿಲಿಆಂಪಿಯರ್ ವಿದ್ಯುತ್ತನ್ನು 20 ನಿಮಿಷ ಹರಿಸಿತು. ದಿನಕ್ಕೆ ಎರಡು ಸಲ, ಐದು ದಿನ. ಔಷಧಕ್ಕೆ ಬಗ್ಗದ ದನಿಗಳ ತೀವ್ರತೆ 30 ರೋಗಿಗಳ ಆ ಪರೀಕ್ಷೆಯಲ್ಲಿ, ನಿಜವಾದ ವಿದ್ಯುತ್ತು ಪಡೆದವರಲ್ಲಿ ಸರಾಸರಿ 31% ಇಳಿಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ ಮರುವರ್ಷವೇ ಇದನ್ನು ಬಳಸಿದ ಅನುಭವವನ್ನು ಪ್ರಕಟಿಸಿತು. 2018ರಲ್ಲಿ ವರದಿಯಾದ ಅವರ ಪರೀಕ್ಷೆಯಲ್ಲಿ 25 ರೋಗಿಗಳು. ಯಾರಿಗೆ ನಿಜವಾದ ವಿದ್ಯುತ್ತು, ಯಾರಿಗೆ ಹುಸಿ ಎಂಬುದು ರೋಗಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. ನಿಜವಾದ ವಿದ್ಯುತ್ತು ಪಡೆದವರಲ್ಲಿ ದನಿ ಹೆಚ್ಚು ಇಳಿಯಿತು. ಅದಕ್ಕೂ ಮೊದಲು, 2014ರಲ್ಲಿ, ಈ ತಂಡ ಕೆಲವೇ ರೋಗಿಗಳಲ್ಲಿ ಫೋರ್ಡ್ ಅವರ ಹೇಳು-ಕೇಳು ಪರೀಕ್ಷೆಯನ್ನು ಚಿಕಿತ್ಸೆಯ ಹಿಂದೆ ಮುಂದೆ ಮಾಡಿ ನೋಡಿತ್ತು. ಮಾತಾಡುವಾಗ ಎನ್1 ಅಲೆ ಇಳಿಯದಿದ್ದವರಲ್ಲಿ ಐದು ದಿನದ ವಿದ್ಯುತ್ತಿನ ಬಳಿಕ ಅದು ಸಹಜದ ಕಡೆಗೆ ಸರಿಯುವ ಲಕ್ಷಣ ಕಂಡಿತು. ಗುಂಪು ಸಣ್ಣದು, ಪ್ರಾಥಮಿಕ ಪುರಾವೆ ಎಂದು ಅವರೇ ಕರೆದರು. ಬೇರೆ ದೇಶಗಳ ಕೆಲವು ಪರೀಕ್ಷೆಗಳಲ್ಲಿ ಇದೇ ವಿದ್ಯುತ್ತು ಹುಸಿ ಚಿಕಿತ್ಸೆಗಿಂತ ಮೇಲೆಂದು ಕಾಣಲಿಲ್ಲ. ಯಾರ ಮಿದುಳಿನ ಜಾಲ ಈ ಚಿಕಿತ್ಸೆಗೆ ಓಗೊಡುತ್ತದೆ ಎಂದು ಪ್ಯಾಡ್ ಇಡುವ ಮೊದಲೇ ಸ್ಕ್ಯಾನ್ ನೋಡಿ ಹೇಳಬಹುದೇ ಎಂಬುದರ ಮೇಲೆ ಈಗ ಕೆಲಸ ನಡೆಯುತ್ತಿದೆ.